ರೋಸಮ್ಮನವರ ಜಾಡಿಗೆ ಒಂದು ಶೆಡ್ಡು

ನಮ್ಮ ಹಿತ್ತಿಲ ಶೆಡ್ಡಿನ ಪೂರ್ವದ ಗೋಡೆಯಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಒಂದು ನೇರಳೆ ಬಣ್ಣದ ಕಲೆಯಿದೆ. ಎರಡು ಸಲ ಸುಣ್ಣ ಬಳಿಸಿದರೂ ಹೋಗಲಿಲ್ಲ. ಮನೆಗೆ ಬಂದವರು ಕೇಳಿದರೆ ಮೊದಮೊದಲು ನೇರಳೆ ಹಣ್ಣಿನದು ಎನ್ನುತ್ತಿದ್ದೆ. ರಾಮಮೂರ್ತಿ ನಗರದ ನಮ್ಮ ರಸ್ತೆಯ ಸುತ್ತಮುತ್ತ ನೇರಳೆ ಮರವೇ ಇಲ್ಲವೆಂದು ಯಾರೋ ತೋರಿಸಿಕೊಟ್ಟ ಮೇಲೆ, ನಿಜ ಹೇಳುವುದೇ ಕಡಿಮೆ ಶ್ರಮದ ಕೆಲಸ ಎನಿಸಿತು. ಅದು ದ್ರಾಕ್ಷಿ ವೈನಿನ ಕಲೆ. ಅದಕ್ಕೆ ಕಾರಣ ನಾನು.

ಇದನ್ನು ಓದಿ ನನ್ನನ್ನು ದೊಡ್ಡ ರಸಿಕನೆಂದು ತಿಳಿಯಬೇಡಿ. ನಾನು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸೋರಿಕೆ ಪರೀಕ್ಷೆಯ ಬೆಂಚಿನಲ್ಲಿ ಕುಳಿತವನು. ಯಂತ್ರದ ಭಾಗಗಳಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಗುಳ್ಳೆ ಎದ್ದರೆ ಆ ಭಾಗ ವಾಪಸ್ಸು, ಏಳದಿದ್ದರೆ ನನ್ನ ಮೊಹರು. ಅಷ್ಟು ವರ್ಷ ಗುಳ್ಳೆಯನ್ನು ಶತ್ರುವೆಂದು ತಿಳಿದವನ ವಶಕ್ಕೆ, ಗುಳ್ಳೆಯೇಳುವುದೇ ಸ್ವಭಾವವಾದ ಪದಾರ್ಥವೊಂದನ್ನು ಒಪ್ಪಿಸಿದ್ದು ರೋಸಮ್ಮನವರ ಧೈರ್ಯ.

ರೋಸಮ್ಮನವರು ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಹಲಸೂರಿನಿಂದ ನಮ್ಮ ಕಡೆಗೆ ಬಂದವರು, ಗಂಡನನ್ನು ಕಳೆದುಕೊಂಡವರು. ಹೊಸ ಶತಮಾನ ಬಂದು ಎರಡು ಮೂರು ವರ್ಷವಾಗಿತ್ತು. ಅವರ ಒಬ್ಬಳೇ ಮಗಳು ಜೆಸ್ಸಿಗೆ ಜನವರಿಯಲ್ಲಿ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಹೆಣ್ಣುಮಕ್ಕಳ ಮದುವೆಗೆ ಅಂಗಡಿಯ ವೈನು ತಂದದ್ದೇ ಇಲ್ಲವಂತೆ. ಮನೆಯಲ್ಲಿ ಮಾಡಿದ್ದನ್ನೇ ಎತ್ತಿ ಹಿಡಿದು ಹರಸಬೇಕು. ಆದರೆ ಆ ಮಹಡಿಯ ಒಂದೂವರೆ ಕೋಣೆಗೆ ಇಡೀ ದಿನ ಬಿಸಿಲು. ಸಾಲದ್ದಕ್ಕೆ ಮನೆಯ ಮಾಲೀಕರು ವಾಸನೆ ಬರುತ್ತದೆಂದು ಬೇಡ ಎಂದುಬಿಟ್ಟಿದ್ದರು. ಈ ಸಲ ಅಂಗಡಿಯದೇ ಗತಿ ಎಂದು ಕಾಂಪೌಂಡಿನಾಚೆ ನಿಂತು ಹೇಳುವಾಗ ಅವರ ದನಿ ಸಣ್ಣದಾಯಿತು. ನಮ್ಮ ಹಿತ್ತಿಲಲ್ಲಿ ಒಂದು ಶೆಡ್ಡು ಹಾಕಿಸುತ್ತೇನೆ, ಅಲ್ಲಿಡಿ, ಎಂದುಬಿಟ್ಟೆ. ಹೇಳಿದ ಮೇಲೆ ಹಿಂತಿರುಗಿ ನೋಡಿದೆ. ಬಾಗಿಲಲ್ಲಿ ನನ್ನ ಹೆಂಡತಿ ಸುಶೀಲ ನಿಂತಿದ್ದಳು.

ಈರುಳ್ಳಿಯನ್ನೇ ವಾರಕ್ಕೆರಡು ದಿನ ಒಳಗೆ ಬಿಡದ ಮನೆ ನಮ್ಮದು. ಸಂಜೆ ಹುಳಿಗೆ ಒಗ್ಗರಣೆ ಹಾಕುತ್ತಾ ಸುಶೀಲ ತೀರ್ಪು ಕೊಟ್ಟಳು.

"ಕಟ್ಸಿ. ಆದ್ರೆ ಅರ್ಧ ಶೆಡ್ಡು ನನ್ ಉಪ್ಪಿನಕಾಯಿಗೆ. ಆ ಕಡೆ ಸೌಟು ಈ ಕಡೆ ಬರಕೂಡದು, ಈ ಕಡೆ ಬಟ್ಟೆ ಆ ಕಡೆ ಹೋಗಕೂಡದು."

ಎಂಟಡಿಗೆ ಆರಡಿಯ ಶೆಡ್ಡು. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ಶೀಟು, ಶೀಟಿನ ಮೇಲೆ ದಿನಕ್ಕೆರಡು ಸಲ ನೆನೆಸುವ ಗೋಣಿಚೀಲ. ಕಡಪ ಕಲ್ಲಿನ ಹಲಗೆಗಳಿಗೆ ನಾನೇ ರಸಮಟ್ಟ ಹಿಡಿದು ನೋಡಿದೆ. ಮೇಸ್ತ್ರಿ ಇದೇನು ದೇವರ ಮನೆಯಾ ಸಾರ್ ಎಂದು ಕೇಳಿ, ವಿಷಯ ತಿಳಿದ ಮೇಲೆ ಇನ್ನಷ್ಟು ಭಕ್ತಿಯಿಂದ ಕೆಲಸ ಮಾಡಿದ. ಗೋಡೆಗೆ ಉಷ್ಣಮಾಪಕ ಬಂತು, ಅದರ ಪಕ್ಕದಲ್ಲಿ ದಾರ ಕಟ್ಟಿದ ನೋಟ್‌ಬುಕ್ಕು. ನೆಲದ ನಡುವೆ ಸುಶೀಲ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಆ ಗೆರೆಯೂ ನೇರವಾಗಿರಲೆಂದು ನಾನು ಸ್ಕೇಲು ಕೊಟ್ಟೆ.

ರೋಸಮ್ಮನವರು ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದರು. ತೊಳೆದು, ನೆರಳಲ್ಲಿ ಆರಿಸಿ, ಹಿಸುಕಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ, ಚೂರು ಯೀಸ್ಟು ಸೇರಿಸಿ ಎರಡು ದೊಡ್ಡ ಪಿಂಗಾಣಿ ಜಾಡಿಗಳಿಗೆ ತುಂಬಿದರು. ಬಾಯಿಗೆ ತೆಳು ಬಟ್ಟೆ ಕಟ್ಟಿ, ಇಪ್ಪತ್ತೊಂದು ದಿನ ದಿನಕ್ಕೊಂದು ಸಲ ಒಣಗಿದ ಮರದ ಸೌಟಿನಿಂದ ಕಲಕಿ ಎಂದರು. ತಂಗಿಗೆ ಮದುವೆಯ ಕರೆಯೋಲೆ ಕೊಡಲು ಕೆ.ಜಿ.ಎಫ್.ಗೆ ಒಂದು ವಾರ ಹೋದರು.

ಮೂರನೆಯ ದಿನ ಬೆಳಿಗ್ಗೆ ಬಟ್ಟೆ ಬಿಚ್ಚಿ ನೋಡಿದೆ. ಗುಳ್ಳೆ. ಒಂದಲ್ಲ ಎರಡಲ್ಲ, ಜಾಡಿಯ ತುಂಬ. ಬಟ್ಟೆಯ ಮೂಲಕ ಸಾರವೆಲ್ಲ ಸೋರಿ ಹೋಗುತ್ತಿದೆ ಎಂದುಕೊಂಡೆ. ಬೇರೆ ಯಾರಾದರೂ ಕೈಕಟ್ಟಿ ಕುಳಿತಿರುತ್ತಿದ್ದರು. ನಾನು ರಬ್ಬರ್ ವಾಷರು ಕತ್ತರಿಸಿ, ಮರದ ಮುಚ್ಚಳ ಮಾಡಿ, ಕಬ್ಬಿಣದ ಪಟ್ಟಿ ಹಾಕಿ, ನಾಲ್ಕು ಬೋಲ್ಟುಗಳನ್ನು ಸಮನಾಗಿ ಬಿಗಿದೆ. ಸೋಪಿನ ನೀರು ಸವರಿ ಪರೀಕ್ಷಿಸಿದೆ. ಒಂದು ಗುಳ್ಳೆಯೂ ಇಲ್ಲ. ನೋಟ್‌ಬುಕ್ಕಿನಲ್ಲಿ 'ಸರಿಯಿದೆ' ಎಂದು ಬರೆದು ಸಹಿ ಹಾಕಿದೆ. ಪುಣ್ಯಕ್ಕೆ ರಬ್ಬರು ಒಂದು ಜಾಡಿಗಷ್ಟೇ ಸಾಕಾಯಿತು.

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸುಶೀಲ ಶೆಡ್ಡಿನಿಂದ ಮಾವಿನಮಿಡಿ ತಂದು ಒಳಗೆ ಬಂದು ಹತ್ತು ನಿಮಿಷವಾಗಿತ್ತು. ಮೊದಲು ಒಂದು ಸಣ್ಣ ಶಬ್ದ, ಬೆರಳು ಲಟಿಕೆ ಮುರಿದಂತೆ. ಆಮೇಲೆ ದೊಡ್ಡದು. ಶೀಟಿನ ಮೇಲಿದ್ದ ಕಾಗೆಗಳೆಲ್ಲ ಹಾರಿದವು. ನಾನು ಓಡಿಹೋಗಿ ನೋಡಿದಾಗ ಜಾಡಿ ಹನ್ನೊಂದು ಚೂರಾಗಿತ್ತು. ಮುಚ್ಚಳ ಮಾತ್ರ ಬಿಗಿದ ಹಾಗೇ ಇತ್ತು, ಜಾಡಿಯ ಕತ್ತಿನ ಸಮೇತ, ಮೂಲೆಯಲ್ಲಿ. ಗೋಡೆ, ಶೀಟು, ಉಷ್ಣಮಾಪಕ, ನನ್ನ ಸಹಿ, ಎಲ್ಲ ನೇರಳೆ. ರಸ್ತೆಯ ಅರ್ಧ ಜನ ಸಿಲಿಂಡರಾ ಸಾರ್ ಎಂದು ಕೇಳುತ್ತಾ ಗೇಟಿಗೆ ಬಂದಿದ್ದರು. ಸುಶೀಲ ನಿಂತು ಮಾವಿನಮಿಡಿ ತೆಗೆಯುತ್ತಿದ್ದ ಜಾಗದಲ್ಲಿ ಪಿಂಗಾಣಿಯ ಒಂದು ಚೂರು ಹಲಗೆಗೆ ನಾಟಿಕೊಂಡಿತ್ತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಸುಶೀಲ ಬೈಯಲಿಲ್ಲ. ಮುಚ್ಚಳವನ್ನು ಎತ್ತಿ, ನಾಲ್ಕೂ ಬೋಲ್ಟುಗಳನ್ನು ನೋಡಿ, ನಿಧಾನವಾಗಿ ಕೇಳಿದಳು.

"ರೀ, ದೋಸೆ ಹಿಟ್ಟಿನ ಪಾತ್ರೆಗೆ ಬೋಲ್ಟ್ ಹಾಕಿದ್ದು ಎಲ್ಲಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಇಪ್ಪತ್ತೈದು ವರ್ಷದಿಂದ ನನ್ನ ಅಡುಗೆಮನೆಯಲ್ಲೇ ಉಬ್ಬಿ, ಗುಳ್ಳೆಯೆದ್ದು, ಹುಳಿಯಾಗಿ, ನನ್ನ ತಟ್ಟೆಗೆ ಬರುತ್ತಿದ್ದ ಹಿಟ್ಟನ್ನು ನಾನು ನೋಡಿಯೇ ಇರಲಿಲ್ಲ, ಬರೀ ತಿಂದಿದ್ದೆ. ಯೋಚಿಸಿದರೆ ನಮ್ಮ ಮಡಿಯ ಅಡುಗೆಮನೆಗಳು ಹುಳಿಯುವುದರ ಮೇಲೆಯೇ ನಿಂತಿವೆ. ಇಡ್ಲಿ ಹುಳಿಯಬೇಕು, ಹಾಲು ಹೆಪ್ಪಾಗಬೇಕು, ಉಪ್ಪಿನಕಾಯಿ ಕಳಿಯಬೇಕು. ಆಯುರ್ವೇದದ ಆಸವ, ಅರಿಷ್ಟಗಳೂ ಹೀಗೆ ಹುದುಗು ಬಂದವೇ. ನನ್ನ ಮಾವನವರು ವಿಭೂತಿ ಇಟ್ಟುಕೊಂಡು ಊಟದ ನಂತರ ತಪ್ಪದೆ ಎರಡು ಚಮಚ ದ್ರಾಕ್ಷಾರಿಷ್ಟ ಸೇವಿಸುತ್ತಿದ್ದರು. ಮೂರನೆಯ ಚಮಚಕ್ಕೂ ಕೈ ಹೋಗುತ್ತಿತ್ತೆಂದು ಸುಶೀಲಳೇ ಹೇಳಿದ್ದಾಳೆ. ಹೆಸರು ಸಂಸ್ಕೃತದಲ್ಲಿದ್ದರೆ ದ್ರಾಕ್ಷಿಗೂ ಒಂದು ಗಾಂಭೀರ್ಯ ಬರುತ್ತದೆ.

ರೋಸಮ್ಮನವರು ಬಂದ ದಿನ ನಾನೇ ಮಹಡಿ ಹತ್ತಿ ಹೋಗಿ, ಹೊತ್ತು ಗಂಟೆ ಸಮೇತ ಎಲ್ಲ ಒಪ್ಪಿಸಿದೆ. ಅವರು ಮೊದಲು ಕೇಳಿದ್ದು ಸುಶೀಲಮ್ಮನಿಗೆ ಏನೂ ಆಗಿಲ್ಲ ತಾನೇ ಎಂದು. ಆಮೇಲೆ ಕುರ್ಚಿಯಲ್ಲಿ ಕುಳಿತು, ಹೊಟ್ಟೆ ಹಿಡಿದು ನಕ್ಕರು.

"ಅದೂ ಉಸ್ರಾಡ್ಬೇಕು ಸಾರ್. ಬಾಯಿಗೆ ಬೋಲ್ಟ್ ಹಾಕಿದ್ರೆ ನೀವೂ ಅಷ್ಟೇ ಮಾಡ್ತಿದ್ರಿ."

ಅಂದಿನಿಂದ ಉಳಿದ ಜಾಡಿಯ ಅಧಿಕಾರ ನನ್ನ ಕೈಯಿಂದ ಹೋಯಿತು. ಸ್ನಾನ ಮಾಡಿ, ಕೈ ಒರೆಸಿಕೊಂಡು, ಉಪ್ಪಿನಕಾಯಿಗೆ ತೋರಿಸುವ ಶಿಸ್ತಿನಲ್ಲೇ ಸುಶೀಲ ಅದನ್ನು ಕಲಕತೊಡಗಿದಳು. ಜಾಡಿಗೆ ಕಿವಿಗೊಟ್ಟು ಇವತ್ತು ಸದ್ದು ಕಡಿಮೆ ಎನ್ನುವಳು. ನನಗೆ ಗೋಣಿಚೀಲ ನೆನೆಸುವ ಕೆಲಸ ಉಳಿಯಿತು. ನೆಲದ ಗೆರೆ ಆ ಭಾನುವಾರವೇ ತೊಳೆದುಹೋಗಿತ್ತು, ಯಾರೂ ಮತ್ತೆ ಎಳೆಯಲಿಲ್ಲ. ಸೋಸಿ, ಮತ್ತೆ ತಿಳಿಯಾಗಲು ಬಿಟ್ಟು, ಡಿಸೆಂಬರ್ ಹೊತ್ತಿಗೆ ಹದಿಮೂರು ಬಾಟಲಿ ಸಿಕ್ಕಿತು. ಇನ್ನೂರು ಅತಿಥಿಗಳಿಗೆ ಹೇಗೆ ಸಾಲುತ್ತದೆ ಎಂದು ನಾನು ಕುಗ್ಗಿದ್ದೆ. ರೋಸಮ್ಮನವರು ನರ್ಸಿನ ಬುದ್ಧಿ ಓಡಿಸಿ, ಔಷಧಿ ಅಳೆಯುವ ಪುಟ್ಟ ಲೋಟಗಳನ್ನು ತರಿಸಿದರು.

ಮದುವೆಗೆ ವಾರವಿರುವಾಗ ಅವರು ಸುಶೀಲಳಿಗೆ ಇನ್ನೊಂದು ಪದ್ಧತಿ ಹೇಳಿದರು. ವೈನನ್ನು ನೋಡಿಕೊಂಡು ಹದಕ್ಕೆ ತಂದವರು ಎಲ್ಲರೆದುರು ಮೊದಲು ಕುಡಿಯಬೇಕು. ಆಮೇಲೇ ಮದುಮಗಳು. ನಮ್ಮ ಅತ್ತೆಯವರ ಕಾಲದಿಂದ ಹಾಗೇ, ಈ ಸಲ ಅದು ನೀವೇ ಎಂದರು. ನೀನು ಬರದಿದ್ದರೂ ಅವರೇನೂ ತಪ್ಪು ತಿಳಿದುಕೊಳ್ಳುವುದಿಲ್ಲ ಎಂದು ಸುಶೀಲಳಿಗೆ ಹೇಳಿದೆ. ನಾನು ಬರಲ್ಲ ಅಂತ ಯಾರು ಹೇಳಿದ್ದು ಎಂದಳು. ಕುಡಿಯುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮದುವೆಯ ದಿನ ಹಲಸೂರಿನ ಸಭಾಂಗಣದಲ್ಲಿ ರೋಸಮ್ಮನವರು ಸುಶೀಲಳ ಕೈಹಿಡಿದು ಜೆಸ್ಸಿಯ ಪಕ್ಕ ನಿಲ್ಲಿಸಿದರು. ತಟ್ಟೆಯಲ್ಲಿ ಲೋಟ ಬಂತು. ಇನ್ನೂರು ಜನ ಕಾದರು. ಸುಶೀಲ ಲೋಟ ನೋಡಿದಳು, ಜೆಸ್ಸಿಯ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಬಲ ಅಂಗೈ ಗುಳಿ ಮಾಡಿ, ಎಡಗೈಯಿಂದ ಅದಕ್ಕೆ ಒಂದಿಷ್ಟು ಸುರಿದುಕೊಂಡು, ತೀರ್ಥ ತೆಗೆದುಕೊಳ್ಳುವ ಹಾಗೆ ಕುಡಿದಳು. ಅಭ್ಯಾಸಬಲದಿಂದ ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು.

ಜೆಸ್ಸಿ ಒಂದು ಕ್ಷಣ ನೋಡಿದಳು. ಬಿಳಿ ಕೈಗವಸು ಕಳಚಿ ಅಮ್ಮನ ಕೈಗೆ ಕೊಟ್ಟು, ತಾನೂ ಅಂಗೈಗೆ ಸುರಿದುಕೊಂಡು ಕುಡಿದು, ತಲೆಯ ಮೇಲಿನ ತೆಳು ಪರದೆಗೆ ಕೈ ಸವರಿಕೊಂಡಳು. ಮದುಮಗ ಅವಳನ್ನು ನೋಡಿಕೊಂಡು ಹಾಗೇ ಮಾಡಿದ. ಆಮೇಲೆ ಮೊದಲ ಸಾಲು, ಎರಡನೆಯ ಸಾಲು. ಸೂಟು ಹಾಕಿದ ದೊಡ್ಡ ಮನುಷ್ಯರೂ ಲೋಟ ಬಗ್ಗಿಸಿ ಅಂಗೈ ನೆಕ್ಕಿ, ತಲೆ ಮುಟ್ಟಿಕೊಳ್ಳುತ್ತಿದ್ದರು.

ನನ್ನ ಪಕ್ಕದಲ್ಲಿದ್ದ ವರನ ಕಡೆಯ ವೃದ್ಧರೊಬ್ಬರು ಬೋಳುತಲೆ ಒರೆಸಿಕೊಳ್ಳುತ್ತಾ, ತಾವು ನೂರಾರು ಮದುವೆ ನೋಡಿದ್ದರೂ ಇದನ್ನು ಕಂಡಿಲ್ಲವೆಂದು ಹೇಳಿ, ಗೌರವದಿಂದ ಕೇಳಿದರು.

"ಇದು ಯಾವ ಕಡೆ ಪದ್ಧತಿ ಸಾರ್?"

ನಾನು ಯಾವತ್ತೂ ಖಚಿತವಾಗಿ ಗೊತ್ತಿಲ್ಲದ್ದನ್ನು ಹೇಳಿದವನಲ್ಲ.

"ರಾಮಮೂರ್ತಿ ನಗರದ ಕಡೇದು," ಎಂದೆ.