ಜಾಜಿಯ ಆಚೆ ಮಗ್ಗುಲು

ಬೇಲಿಗೆ ಬಳ್ಳಿ ಹಬ್ಬಿಸಬೇಕು ಎಂದು ನನಗೆ ಅನ್ನಿಸಿದ್ದು ಹೂವಿನ ಆಸೆಗಲ್ಲ. ಬೆಳಗೆದ್ದರೆ ಆಚೆ ಮನೆಯ ಓರಗಿತ್ತಿಯ ಮುಖ ಕಾಣುತ್ತಿತ್ತು, ಅದು ಕಾಣಬಾರದು ಅಂತ. ಹೀಗೆ ಬರೆದುಬಿಡುವುದಕ್ಕೆ ಈಗ ಸಂಕೋಚವೇನೂ ಇಲ್ಲ. ನಮ್ಮ ಕಡೆ ಎಷ್ಟೋ ಬೇಲಿಗಳ ಮೇಲಿನ ಬಳ್ಳಿಗೆ ಇಂಥದ್ದೇ ಕಾರಣ ಇರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೆ.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ನಮ್ಮ ತೋಟ. ಅಣ್ಣತಮ್ಮಂದಿರು ಇಬ್ಬರು, ದೊಡ್ಡವರು ನನ್ನ ಗಂಡ. ಮೈದುನನ ಹೆಂಡತಿ ನನಗಿಂತ ಐದು ವರ್ಷ ಚಿಕ್ಕವಳು. ಹದಿನೇಳು ವರ್ಷ ನಾವಿಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಆಮೇಲೆ ಪಾಲಾಯಿತು. ಹಳೇ ಮನೆ ನಮಗೆ ಬಂತು, ಕಾಫಿ ಒಣಗಿಸುವ ಕಣ ಅವರಿಗೆ ಹೋಯಿತು. ಕಣದ ಅಂಚಿಗೆ ಅವರು ಮನೆ ಕಟ್ಟಿಕೊಂಡರು. ಪಾಲು ಮಾಡಲು ಬಂದಿದ್ದ ಹಿರಿಯರ ಎದುರು ನಾನು, "ಕಣ ಅವ್ರಿಗೆ ಕೊಟ್ರೆ ನಾನು ಕಾಫಿನ ತಲೆ ಮೇಲೆ ಒಣಗಿಸ್ಲಾ?" ಎಂದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಬಾಗಿಲ ಹತ್ತಿರ ನಿಂತಿದ್ದ ಅವಳು ಮೆತ್ತಗೆ, "ಅಕ್ಕಂಗೆ ಎಷ್ಟು ಕೊಟ್ರೂ ಸಾಕು ಅನ್ಸಲ್ಲ" ಎಂದಳು. ಗಟ್ಟಿಯಾಗಿ ಬೈದಿದ್ದರೆ ನಾನೂ ನಾಲ್ಕು ಬೈದು ಮುಗಿಸುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ಎಲ್ಲರೂ ಕೇಳಿಸಿಕೊಂಡರು, ಒಬ್ಬರು ನಕ್ಕರು. ಅವತ್ತಿಗೆ ನಮ್ಮ ಮಾತು ನಿಂತಿತು.

ಗಂಡಸರಿಬ್ಬರು ತಿಂಗಳೊಳಗೆ ಸರಿಹೋದರು. ಒಬ್ಬರ ಔಷಧಿ ಹೊಡೆಯುವ ಪಂಪು ಇನ್ನೊಬ್ಬರಿಗೆ ಬೇಕು, ಕಳಸಕ್ಕೆ ಹೋದರೆ ಒಂದೇ ಜೀಪು. ಎರಡು ಮನೆಯ ನಾಯಿಗಳೂ ಒಂದಾಗಿದ್ದವು. ಉಳಿದವರು ನಾವಿಬ್ಬರೇ.

ನಡುವೆ ತಂತಿಬೇಲಿ ಬಂತು. ತಂತಿಯಿಂದ ಮುಖ ಮರೆಯಾಗುತ್ತದೆಯೇ? ಬಳ್ಳಿ ಹಾಕುತ್ತೇನೆ ಎಂದಾಗ ನನ್ನ ಗಂಡ ನಕ್ಕರು.

"ಮುಖ ನೋಡ್ಬಾರ್ದು ಅಂದ್ರೆ ತಗಡು ಹೊಡ್ಸಿದ್ರಾಯ್ತಲ್ಲ ಮಾರಾಯ್ತಿ."

"ತಗಡು ಹೊಡ್ಸಿದ್ರೆ ಜಗಳ ಆಗಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಬಳ್ಳಿ ಆದ್ರೆ ಗಾರ್ಡನ್ ಅಂತಾರೆ" ಎಂದೆ.

ಯಾವ ಬಳ್ಳಿ ಎನ್ನುವುದಕ್ಕೆ ಒಂದು ವರ್ಷ ಹೋಯಿತು. ಮೊದಲು ಹೀರೆ ಹಾಕಿದೆ. ಚೆನ್ನಾಗಿಯೇ ಹಬ್ಬಿತು, ದೀಪಾವಳಿ ಹೊತ್ತಿಗೆ ಒಣಗಿ ಮತ್ತೆ ಆಚೆ ಮನೆ ಪೂರ್ತಿ ಕಾಣಿಸಿತು. ಮೂಡಿಗೆರೆಯ ನರ್ಸರಿಯವನು ಕಾಗದದ ಹೂವಿನ ಬಳ್ಳಿ ತಗೊಳ್ಳಿ ಎಂದ. ಬಯಲುಸೀಮೆಯಲ್ಲಿ ಅದು ಎಲೆ ಕಾಣದಷ್ಟು ಹೂ ಬಿಡುತ್ತದೆ, ನಿಜ. ನಮ್ಮ ಮಳೆಗೆ ಅದರಲ್ಲಿ ಎಲೆ ಮತ್ತು ಮುಳ್ಳು ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ನೀಲಿ ಹೂವಿನ ಥನ್‌ಬರ್ಜಿಯಾ ತೋರಿಸಿದ. ಅದನ್ನು ಒಂದು ಎಸ್ಟೇಟ್ ಬಂಗಲೆಯಲ್ಲಿ ನೋಡಿದ್ದೆ. ಎರಡೇ ವರ್ಷದಲ್ಲಿ ಕಿತ್ತಳೆ ಮರವೊಂದನ್ನು ಪೂರ್ತಿ ಮುಚ್ಚಿ ಕೊಂದಿತ್ತು. ಅದು ಬಳ್ಳಿಯಲ್ಲ, ಬಕಾಸುರ. ಪ್ಯಾಶನ್ ಫ್ರೂಟ್ ಹಾಕಿದರೆ ಮಂಗಗಳಿಗೆ ಕರೆದು ಊಟ ಹಾಕಿದ ಹಾಗೆ. ಇವರು ಮೆಣಸಿನ ಬಳ್ಳಿ ಹಾಕು ಅಂದರು. ತೋಟದ ಮನುಷ್ಯನಿಗೆ ಬೇರೆ ಏನು ಹೊಳೆಯುತ್ತದೆ! ಮೆಣಸಿಗೆ ಬೇರೂರಿ ಹತ್ತಲು ಮರ ಬೇಕು, ತಂತಿ ಹಿಡಿದು ಏರುವ ಜಾತಿಯಲ್ಲ ಅದು. ಅದು ಇವರಿಗೂ ಗೊತ್ತು, ನನ್ನನ್ನು ಕೆಣಕಲು ಹೇಳಿದ್ದು.

ಕೊನೆಗೆ ಜಾಜಿ ಎಂದು ತೀರ್ಮಾನವಾಯಿತು. ಜಾವಳಿ ಹತ್ತಿರದ ನನ್ನ ತವರಿನಲ್ಲಿ ಹಳೆಯ ಬಳ್ಳಿಯಿತ್ತು. ಜಾಜಿಗೆ ವರ್ಷವಿಡೀ ಎಲೆ ಇರುತ್ತದೆ, ಮಳೆಗೆ ಕೊಳೆಯುವುದಿಲ್ಲ, ಕಡಿದಷ್ಟೂ ದಟ್ಟವಾಗುತ್ತದೆ. ಆರಿದ್ರಾ ಮಳೆ ಹಿಡಿದಾಗ ನೆಟ್ಟರೆ ನಮ್ಮಲ್ಲಿ ಕೊಡೆಯ ಕೋಲೂ ಚಿಗುರುತ್ತದೆ. ಹಿಂದಿನ ವರ್ಷದ, ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಬೇಲಿಯುದ್ದಕ್ಕೂ ಊರಿದೆ. ಹದಿನಾರರಲ್ಲಿ ಹದಿಮೂರು ಹತ್ತಿದವು.

ಎಲ್ಲ ಯೋಚಿಸಿದವಳು ಬಿಸಿಲನ್ನು ಯೋಚಿಸಲಿಲ್ಲ. ನನ್ನ ಕಡೆ ಹಳೇ ಮನೆಯ ನೆರಳು, ಅದರ ಪಕ್ಕ ದೊಡ್ಡ ಹಲಸಿನ ಮರ. ಅವರ ಕಡೆ ಕಣ. ಕಣ ಎಂದರೆ ದಿನವಿಡೀ ಬಿಸಿಲು ಬೀಳುವ ಜಾಗ, ಅದಕ್ಕೇ ತಾನೆ ಅಲ್ಲಿ ಕಣ ಮಾಡುವುದು! ಮೂರನೇ ವರ್ಷಕ್ಕೆ ಬೇಲಿ ಮುಚ್ಚಿತು, ಅವಳ ಮುಖವೂ ಮುಚ್ಚಿತು. ಚೌತಿಯ ಹೊತ್ತಿಗೆ ಮಳೆ ಬಿಟ್ಟು ಹೊಳವಾಗಿ ಮೊಗ್ಗು ಬಂತು. ಅಷ್ಟೂ ಆಚೆ ಕಡೆಗೆ. ನನ್ನ ಕಡೆ ಕಾಂಡ, ಹಳೇ ಎಲೆ, ಇರುವೆ. ಗೊಬ್ಬರ ಹಾಕುವವಳು ನಾನು, ಬುಡ ಬಿಡಿಸುವವಳು ನಾನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಸಂಜೆಯಾದರೆ ವಾಸನೆ ಮಾತ್ರ ಈ ಕಡೆಗೂ ಬರುತ್ತಿತ್ತು.

ಅವಳು ಕೀಳುತ್ತಾಳೆ ಎಂದುಕೊಂಡೆ. ಅವಳ ಕಡೆಗೆ ಬಂದದ್ದು ಅವಳದ್ದು, ಬೇಲಿಯ ನ್ಯಾಯವೇ ಅದು. ಅವಳು ಒಂದು ಹೂವನ್ನೂ ಕೀಳಲಿಲ್ಲ. ರಾತ್ರಿ ಅರಳಿದ್ದು ಬೆಳಿಗ್ಗೆ ಕಣದ ಮೇಲೆ ಉದುರಿರುತ್ತಿತ್ತು, ಪೊರಕೆಯಿಂದ ಗುಡಿಸುವ ಸದ್ದು ನನಗೆ ಕೇಳುತ್ತಿತ್ತು. ಎಲೆ ಸರಿಸಿ ನೋಡಿದರೆ ಅವಳ ತಲೆಯಲ್ಲಿ ಕಳಸದ ಅಂಗಡಿಯ ಕನಕಾಂಬರ. ನನಗೆ ಉರಿದುಹೋಯಿತು. ನನ್ನ ಹೂ ಮುಡಿದರೆ ಅವಳ ತಲೆಯೇನು ಉದುರಿಹೋಗುತ್ತಿತ್ತೇ? ಗಂಡನ ಹತ್ತಿರ ಹೇಳಿಕೊಂಡರೆ, "ನೀನು ಕೀಳು ಅನ್ಲಿಲ್ಲ, ಅವ್ಳು ಕೀಳ್ಲಿಲ್ಲ. ಇಬ್ರೂ ಸೇರಿ ಹೂವನ್ನ ಕಸ ಮಾಡಿದ್ರಿ" ಎಂದು ಪೇಪರ್ ಮಡಚಿ ಎದ್ದು ಹೋದರು.

ನಿಜ ಹೇಳಬೇಕೆಂದರೆ ನನಗೆ ಅವಳಿಲ್ಲದೆ ಬೇಜಾರಾಗುತ್ತಿತ್ತು. ಹಲಸಿನ ಹಪ್ಪಳ ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರು ಒತ್ತಬೇಕು, ಇನ್ನೊಬ್ಬರು ಬಿಸಿಲಿಗೆ ಹರಡಬೇಕು, ಮಧ್ಯೆ ಊರಿನವರ ಸುದ್ದಿಯೆಲ್ಲ ಮಾತಾಡಬೇಕು. ಮಾತು ಬಿಟ್ಟ ಆ ಒಂಬತ್ತು ವರ್ಷ ನಾನು ಹಪ್ಪಳ ಮಾಡಲಿಲ್ಲ, ಹಲಸಿನಕಾಯಿ ಮರದಲ್ಲೇ ಹಣ್ಣಾಗಿ ಬಿದ್ದು ನೊಣ ಮುತ್ತಿದವು. ಅವಳು ಒಂದು ಮಾತಾಡಿಸಿದರೆ ಸಾಕು ಎಂದು ಕಾಯುತ್ತಿದ್ದೆ. ಆದರೆ ಮೊದಲು ಬಾಯಿ ತೆರೆಯುವವಳು ಅವಳಾಗಿರಬೇಕು. ದೊಡ್ಡವಳು ನಾನು, ಮಾತು ಚುಚ್ಚಿದವಳು ಅವಳು. ಅದರಲ್ಲಿ ನಾನು ಒಂದು ಕೂದಲೆಳೆಯಷ್ಟೂ ಬಿಡಲು ತಯಾರಿರಲಿಲ್ಲ.

ಹೋದ ಶಿವರಾತ್ರಿಯ ಮುಂಚೆ ಮೈದುನ ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ನೋಡಿ ಅಡ್ವಾನ್ಸ್ ಕೊಟ್ಟು ಬಂದ ಎಂದು ಇವರು ಹೇಳಿದರು. ಅವನ ಎರಡೂ ಮಂಡಿ ಹೋಗಿದ್ದವು. ನಮ್ಮ ಗುಡ್ಡದಲ್ಲಿ ಮಂಡಿ ಹೋದ ಮೇಲೆ ಪ್ಲಾಂಟರಾಗಿ ಏನು ಮಾಡುವುದು? ತೋಟ, ಕಣ ಎಲ್ಲವನ್ನೂ ಅಣ್ಣನೇ ನೋಡಿಕೊಳ್ಳಲಿ ಎಂದು ಬಿಟ್ಟು ಹೊರಟಿದ್ದರು. ಇದನ್ನು ಕೇಳಿದ ಮಾರನೆಯ ದಿನ, ಬೆಳಿಗ್ಗೆ, ನಾನು ಬಳ್ಳಿಯ ಬುಡಕ್ಕೆ ನೀರು ಹಾಕುತ್ತಿದ್ದೆ.

"ಅಕ್ಕಾ, ಇದೀರಾ?"

ಎಲೆಗಳ ಆಚೆಯಿಂದ ಬಂದ ಧ್ವನಿ ಮೊದಲಿನಷ್ಟೇ ಮೆತ್ತಗಿತ್ತು. "ಇದೀನಿ" ಎಂದೆ.

"ಜಾಜಿದು ಒಂದು ಕಡ್ಡಿ ಕೊಡ್ತೀರಾ? ನಾವು ಚಿಕ್ಕಮಗಳೂರಿಗೆ ಹೋಗ್ತಿದೀವಿ."

ಗಂಟಲಿಗೆ ಏನೇನೋ ಬಂತು. ಮಂಡಿಗೆ ಯಾವ ಡಾಕ್ಟರು ನೋಡುತ್ತಿದ್ದಾರೆ, ಆ ಊರಲ್ಲಿ ನಿನಗೆ ಹೊತ್ತು ಹೋಗುತ್ತದಾ, ಈ ಕಡೆ ಬಾ, ಕಾಫಿ ಕುಡಿ. ಬಾಯಿಂದ ಹೊರಬಿದ್ದದ್ದು ಇಷ್ಟು: "ಈಗ ಕೊಟ್ರೆ ಹತ್ತಲ್ಲ. ಮಳೆ ಹಿಡೀಲಿ, ನೋಡಣ."

"ಹೌದಾ" ಎಂದಳು. ಆಮೇಲೆ, "ಆಯ್ತು ಅಕ್ಕ" ಎಂದಳು.

ನಾನು ಒಳಗೆ ಹೋದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಒಣಗಾಳಿಯಲ್ಲಿ ಜಾಜಿಕಡ್ಡಿ ಬೇರು ಬಿಡುವುದಿಲ್ಲ, ಯಾರನ್ನು ಬೇಕಾದರೂ ಕೇಳಿ. ಹದಿನೈದು ದಿನಕ್ಕೆ ಅವರ ಸಾಮಾನು ಪಿಕಪ್ ಹತ್ತಿತು. ಮೈದುನ ಬಂದು ಹೇಳಿಹೋದ. ಅವಳು ಗಾಡಿಯಲ್ಲಿ ಕೂತಿದ್ದಳು. ನಾನು ಬೇಡಿದ್ದ ಕಣ ಹೀಗೆ ನನ್ನ ಕೈಗೆ ಬಂತು, ಮೂರು ತಿಂಗಳು ನಾನು ಆ ಕಡೆ ಕಾಲಿಡಲಿಲ್ಲ.

ಆರಿದ್ರಾ ಹಿಡಿಯಿತು. ನೋಡೋಣ ಎಂದು ಹೇಳಿದ್ದು ಹೇಳಿದ್ದೇ, ಕಡ್ಡಿ ಕತ್ತರಿಸಲು ಹೊರಟೆ. ನನ್ನ ಕಡೆ ಎಲ್ಲ ಮುದಿ ಕಾಂಡ. ಒಳ್ಳೆಯ ಕಡ್ಡಿ ಬೇಕಾದರೆ ಬಿಸಿಲು ಕಂಡ ಕಡೆಗೇ ಹೋಗಬೇಕು. ಗೇಟು ದಾಟಿ, ಕೊಡೆ ಹಿಡಿದು, ಕಣಕ್ಕೆ ಹೋಗಿ ನನ್ನ ಬಳ್ಳಿಯ ಆಚೆ ಮಗ್ಗುಲನ್ನು ಮೊದಲ ಸಲ ನೋಡಿದೆ. ಬೇಲಿಯ ತುದಿಯಿಂದ ನೆಲದವರೆಗೆ ಎಳೆ ಬಳ್ಳಿ ಇಳಿಬಿದ್ದಿತ್ತು, ನೂರು ಕಡ್ಡಿ ಬೇಕಾದರೂ ಕೈಗೆಟಕುವ ಎತ್ತರದಲ್ಲೇ ಇತ್ತು. ಅಷ್ಟೇ ಅಲ್ಲ, ಕಣದ ಅಂಚಿನ ಮಣ್ಣಿಗೆ ತಾಗಿದ ನಾಲ್ಕೈದು ಕವಲು ತಾವೇ ಬೇರು ಬಿಟ್ಟು ಗಿಡವಾಗಿದ್ದವು. ಹೋದ ವರ್ಷವೇ ಬಿಟ್ಟಿರಬೇಕು, ಕಾಂಡ ಬಲಿತಿತ್ತು. ದಿನಾ ಗುಡಿಸುವವಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಒಂದನ್ನು ಕಿತ್ತುಕೊಂಡು ಹೋಗಿದ್ದರೆ ಯಾವ ಕಾಲದಲ್ಲೂ ಬದುಕುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಕೇಳದೆ ಮುಟ್ಟುವವಳಲ್ಲ ಎಂದು ನನ್ನೊಳಗೇ ಮೆಚ್ಚಿಕೊಂಡೆ. ಅಷ್ಟಕ್ಕೇ ನಿಲ್ಲಿಸಿದೆ, ಮುಂದಕ್ಕೆ ಯೋಚಿಸಲಿಲ್ಲ.

ಬೇರಿದ್ದ ಒಂದನ್ನು ಅಗೆದು, ಕಾಫಿ ಸಸಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಡುಮಣ್ಣು, ಗೊಬ್ಬರ ತುಂಬಿ ನೆಟ್ಟೆ. ಹೊಸ ಚಿಗುರು ಬರಲೆಂದು ಶ್ರಾವಣದವರೆಗೆ ಕಾದೆ. ಮಳೆ ಎರಡು ದಿನ ಬಿಟ್ಟಾಗ ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗಿಡ ತೊಡೆಯ ಮೇಲೆ. ಪಕ್ಕದಲ್ಲಿ ಕೂತ ಹೆಂಗಸು ಯಾರಿಗೆ ಎಂದು ಕೇಳಿದಳು. "ತಂಗಿಗೆ" ಎಂದೆ.

ಎರಡನೇ ಮಹಡಿಯಲ್ಲಿ ಮನೆ. ಬಾಗಿಲು ತೆರೆದ ಅವಳು ನನ್ನ ಮುಖ ನೋಡಿದಳು, ಗಿಡ ನೋಡಿದಳು, "ಬನ್ನಿ ಅಕ್ಕ" ಎಂದು ಗಿಡವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಸಣ್ಣಗಾಗಿದ್ದಳು. ಮೈದುನ ಡಾಕ್ಟರ ಹತ್ತಿರ ಹೋಗಿದ್ದ. ಕಾಫಿ ತಂದುಕೊಟ್ಟಳು, ಇಬ್ಬರೂ ಕುಡಿದೆವು. ಮೊದಲ ಮಾತಿಗೆ ನನಗೆ ಸಿಕ್ಕಿದ್ದು ಗಿಡವೇ.

"ಎಲ್ಲಿ ನೆಡ್ತೀಯ? ಬಿಸಿಲಿರೋ ಕಡೆ ನೋಡು. ನಾನು ನೋಡ್ದೆ ನೆಟ್ಟು ಕೆಟ್ಟೆ."

ಅವಳು ನಕ್ಕಳು. "ಎಲ್ಲಿ ನೆಡ್ಲಿ ಅಕ್ಕ? ಕೆಳಗೆ ಪೂರ್ತಿ ಟೈಲ್ಸ್ ಹಾಕ್ಸಿದಾರೆ. ಬಾಲ್ಕನೀಲಿ ಕುಂಡ ಇಡೋಕೂ ಓನರ್ ಬಿಡಲ್ಲ, ನೀರು ಸೋರಿ ಗೋಡೆ ಕಲೆ ಆಗುತ್ತಂತೆ. ಒಂದು ತುಳಸಿ ಇಟ್ಕೊಂಡಿದೀನಿ, ಅದೂ ಅಡುಗೆಮನೆ ಕಿಟಕೀಲಿ."

"ಇದು ನಿಂಗೆ ಬಂದ್ಮೇಲೆ ಗೊತ್ತಾಯ್ತಾ?"

"ಇಲ್ಲ. ಅಡ್ವಾನ್ಸ್ ಕೊಡೋ ದಿನ ನಾನೂ ಬಂದಿದ್ನಲ್ಲ, ಎಲ್ಲ ನೋಡಿದ್ದೆ."

ಅದಾದ ಮೇಲೆ ತಾನೆ ಅವಳು ಬೇಲಿಯ ಹತ್ತಿರ ಬಂದದ್ದು. ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

"ಮತ್ತೆ ಕಡ್ಡಿ ಯಾಕೆ ಕೇಳ್ದೆ ಮಾರಾಯ್ತಿ?"

ಅವಳು ಚೀಲದ ಮಣ್ಣನ್ನು ಬೆರಳಲ್ಲಿ ಒತ್ತುತ್ತಾ ಕೂತಿದ್ದಳು. "ಏನಾದ್ರೂ ಒಂದು ಕೇಳ್ಬೇಕಿತ್ತಲ್ಲ. ಸುಮ್ನೆ ಹೋಗಿ ಮಾತಾಡ್ಸೋಕೆ ಬಾಯಿ ಬರ್ಲಿಲ್ಲ. ಕಡ್ಡಿ ಮುರಿದು ಕೊಡೋಕೆ ನಮ್ಮ ಕಡೆ ಬರ್ತೀರಿ, ಮುಖ ನೋಡಿ ಹೇಳಿ ಹೋಗಣ ಅಂತಿದ್ದೆ. ನೀವು ಹತ್ತಲ್ಲ ಅಂದ್ರಿ. ಇನ್ನೇನಾದ್ರೂ ಹೇಳ್ತೀರೇನೋ ಅಂತ ನಾನು ಅಲ್ಲೇ ನಿಂತಿದ್ದೆ ಅಕ್ಕ. ನಿಮ್ಮನೆ ಕುಕ್ಕರ್ ಮೂರು ಸಲ ಕೂಗ್ತು. ಆಮೇಲೆ ಬಂದ್ಬಿಟ್ಟೆ."

ಅವಳು ಇದನ್ನೂ ಮೆತ್ತಗೇ ಹೇಳಿದಳು. ನನ್ನ ಕುಕ್ಕರ್ ಮೂರು ಸಲ ಕೂಗಬೇಕಾದರೆ ಕಾಲು ಗಂಟೆ ಬೇಕು. ಆ ಕಾಲು ಗಂಟೆ ನಾನು ಅಡುಗೆಮನೆಯಲ್ಲಿ, ಕೊನೆಗೂ ಅವಳೇ ಮೊದಲು ಮಾತಾಡಿದಳು ಎಂದು ಖುಷಿಯಲ್ಲಿ ಸಾರಿಗೆ ಕಾಯಿ ತುರಿಯುತ್ತಿದ್ದೆ.