ಭಾಗಮ್ಮ ಚಾದರ್ ಹೊದಿಸಿದ್ದು

ಸೇಡಂ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಜೋಳದ ರೊಟ್ಟಿ ಮಾರುವ ಭಾಗಮ್ಮನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಎಮ್ಮೆ ಗೊಡ್ಡಾಯಿತು, ಎಲ್ಲವೂ ಅವಳ ಒಲೆಯ ಮುಂದಿನಿಂದಲೇ ಊರಿಗೆ ಗೊತ್ತಾಗಬೇಕು. ಅಂಥ ಮುದುಕಿ ವರ್ಷಗಟ್ಟಲೆ ಒಂದೇ ಒಂದು ಗುಟ್ಟು ಕಾಯ್ದುಕೊಂಡಿದ್ದಳು. ಮೊಮ್ಮಗಳು ಬಸವೇಶ್ವರಿಗೆ ಮೂರ್ಛೆ ಬರುತ್ತಿತ್ತು.

ಮಗ, ಸೊಸೆ ಇಬ್ಬರೂ ದುಡಿಯಲು ಹೋಗುವವರು. ಹುಡುಗಿ ಅಜ್ಜಿಯ ಮಗ್ಗುಲಲ್ಲೇ ಬೆಳೆದವಳು. ಅವಳ ತುಟಿ ಒಂದು ಕಡೆ ಎಳೆದರೆ ಸಾಕು, ಭಾಗಮ್ಮ ಸೆರಗೋ ಚಾದರೋ ಹೊದಿಸಿ ಮುಚ್ಚಿಬಿಡುತ್ತಿದ್ದಳು. ನಾಳೆ ಲಗ್ನವಾಗಬೇಕಾದ ಹೆಣ್ಣು, ಮಂದಿಯ ಕಣ್ಣಿಗೆ ಬೀಳಬಾರದು. ಎಂಟು ವರ್ಷದ ಹುಡುಗಿಗೆ ಲಗ್ನದ ಚಿಂತೆ! ಏನು ಹೇಳುವುದು ಇಂಥವರಿಗೆ?

ಗುಳಿಗೆ ಬದಲಾಯಿಸಿದ್ದೇ ಬಂತು, ಮೂರ್ಛೆ ಮಾತ್ರ ಜಗ್ಗಲಿಲ್ಲ. ಕೊನೆಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಮಿದುಳಿನಲ್ಲಿ ತೊಗರಿಕಾಳಿನಷ್ಟು ಜಾಗ ಹುಟ್ಟಿನಿಂದಲೇ ಕೆಟ್ಟಿರುವಂತೆ ಕಾಣುತ್ತದೆ ಎಂದರು ಡಾಕ್ಟರು. ಮೂರ್ಛೆ ಅಲ್ಲಿಂದಲೇ ಏಳುತ್ತಿದ್ದರೆ, ಹಿಂದಿನ ಕಾಲದ ಹಾಗೆ ತಲೆಬುರುಡೆ ದೊಡ್ಡದಾಗಿ ತೆರೆಯಬೇಕಾಗಿಲ್ಲ. ಸಣ್ಣ ತೂತಿನಿಂದ ತಂತಿ ಇಳಿಸಿ ಅಷ್ಟೇ ಜಾಗವನ್ನು ಸುಡಬಹುದು. ಆದರೆ ಖಾತ್ರಿಯಾಗಬೇಕಾದರೆ ಮೂರ್ಛೆ ಬರುವುದನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು. ಅದು ಸಿಗದಿದ್ದರೆ ಆಪರೇಷನ್ ಇಲ್ಲ.

ಹುಡುಗಿಯ ತಲೆಗೆ ವೈರುಗಳನ್ನು ಅಂಟಿಸಿ, ಗುಳಿಗೆ ಕಡಿಮೆ ಮಾಡಿ, ಕ್ಯಾಮೆರಾದ ಎದುರು ಮಲಗಿಸಿದರು. ಬರಬೇಡ ಬರಬೇಡ ಎಂದು ಬೇಡಿಕೊಂಡ ಬಾಯಿಂದಲೇ ಈಗ ಬಾ ಎನ್ನಬೇಕಾಯಿತು ಭಾಗಮ್ಮ. ಕರೆದರೆ ಬರುವ ಪೈಕಿಯೇ ಅದು? ಕಾಯಿಸಿ ಕಾಯಿಸಿ ಮರುದಿನ ಮಧ್ಯಾಹ್ನ ಬಂತು. ತುಟಿ ಎಳೆದದ್ದೇ ತಡ, ಭಾಗಮ್ಮ ಚಾದರ್ ಎಳೆದು ಮೊಮ್ಮಗಳನ್ನು ಪೂರ್ತಿ ಮುಚ್ಚಿಬಿಟ್ಟಳು!

ನರ್ಸ್ ಅತೀಯಾ, ಶಹಾಬಾದಿನ ಹುಡುಗಿ, ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು.

“ಆಯೀ, ಚಾದರ್ ತಗೀರಿ! ಕ್ಯಾಮೆರಾಕ್ಕ ಏನೂ ಕಾಣವಲ್ದು!”

ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕ್ಯಾಮೆರಾದಲ್ಲಿ ಸಿಕ್ಕಿದ್ದು ಹಸಿರು ಚಾದರ್ ಅಲುಗಾಡಿದ್ದಷ್ಟೇ.

“ನನ್ನ ಕೈಗಿಷ್ಟು ಬೆಂಕಿ ಹಾಕ!” ಎಂದು ಭಾಗಮ್ಮ ಹಣೆ ಹಣೆ ಬಡಿದುಕೊಂಡಳು. “ಕೂಸಿನ ನಸೀಬ ನಾನೇ ಮುಚ್ಚಿದೆನಲ್ಲ ಯವ್ವಾ!”

“ಇನ್ನೊಮ್ಮಿ ಬರ್ತದ್ರಿ ಆಯಿ. ಆವಾಗ ಸುಮ್ನ ಕುಂದ್ರಿ, ಸಾಕು.”

ಸುಮ್ಮನೆ ಕೂಡುವುದು ಭಾಗಮ್ಮನ ಜಾಯಮಾನದಲ್ಲೇ ಇಲ್ಲ. ಆದರೂ ಮರುದಿನ ಬೆಳಿಗ್ಗೆ ತುಟಿ ಎಳೆದಾಗ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಳು. ಕೈ ಕಟ್ಟಿದರೆ ಬಾಯಿ ಕೇಳಬೇಕಲ್ಲ.

“ಬರ್ರಿ, ನೋಡ್ರಿ! ನನ್ನ ಮೊಮ್ಮಗಳಿಗಿ ಫಿಟ್ಸ್ ಬಂದಾವ! ಎಲ್ಲಾರೂ ನೋಡ್ರಿ!”

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಭಾಗಮ್ಮನ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಮನಸ್ಸು ಮಾತ್ರ ಎಷ್ಟೋ ವರ್ಷಗಳ ಮೇಲೆ ಹಗುರವಾಗಿತ್ತು.

ಕ್ಯಾಮೆರಾ, ವೈರು ಎಲ್ಲವೂ ಅದೇ ಜಾಗವನ್ನು ತೋರಿಸಿದವು. ಆಪರೇಷನ್ ಆಯಿತು, ಹುಡುಗಿ ಊರಿಗೆ ಬಂದಳು. ಗುಳಿಗೆ ಇನ್ನೂ ನುಂಗಬೇಕು, ಆದರೆ ತಿಂಗಳುಗಳು ಕಳೆದರೂ ಮೂರ್ಛೆಯ ಸುಳಿವಿಲ್ಲ. ಆದರೂ ಭಾಗಮ್ಮನಿಗೆ ಒಳಗೊಳಗೇ ಅಳುಕು ಇದ್ದೇ ಇತ್ತು.

ಒಂದು ಸಂಜೆ ಓಣಿಯಲ್ಲಿ ಹುಡುಗರ ಜೊತೆ ಓಡುತ್ತಿದ್ದ ಬಸವೇಶ್ವರಿ ಧೊಪ್ಪೆಂದು ಬಿದ್ದಳು. ಭಾಗಮ್ಮನ ಜೀವವೇ ಹಾರಿಹೋಯಿತು. ಅಷ್ಟರಲ್ಲಿ ಹುಡುಗಿ ತಾನೇ ಎದ್ದಳು. ಮೊಣಕಾಲಿನ ರಕ್ತ ನೋಡಿ ಓಣಿ ಕಿತ್ತುಹೋಗುವಂತೆ ಅಳುತ್ತ ಬಂದಳು.

“ಆಯೀ, ಬಾಜೂ ಮನಿ ಕಲೀಮ್ ನೂಕಿದ!”

“ಖರೇನ ನೂಕಿದ್ನಾ?”

“ಹೂಂ, ಜೋರ್ ನೂಕಿದ!”

ಕಲೀಮ್ ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ನಿಂತಿದ್ದ. ಭಾಗಮ್ಮ ಅವನನ್ನು ಬಾಚಿ ತಬ್ಬಿಕೊಂಡು, ಲೊಚಲೊಚನೆ ಮುದ್ದಿಟ್ಟಳು.