ವಾಮನ ಭಟ್ಟರ ಬ್ರೇಕು

ಅಂಗಡಿಯಿಂದ ತಂದ ಯಾವ ವಸ್ತುವನ್ನು ಕಂಡರೂ ವಾಮನ ಭಟ್ಟರು ಅದನ್ನು ತೋರುಬೆರಳಿನ ಉಗುರಿನಿಂದ ಒಮ್ಮೆ ಕುಟ್ಟಿ, ಸದ್ದಿಗೆ ಕಿವಿಗೊಟ್ಟು, ಮುಖ ಸಿಂಡರಿಸುತ್ತಿದ್ದರು. “ಅಂಗಡಿದಾ?” ಎಂದು ಕೇಳುವ ಧಾಟಿಯಲ್ಲಿ, ನಿನ್ನೆಯ ಸಾಂಬಾರನ್ನು ಇವತ್ತು ಬಡಿಸಿ ಸಿಕ್ಕಿಬಿದ್ದ ಮಾಣಿಯನ್ನು ವಿಚಾರಿಸಿಕೊಳ್ಳುವ ಯಜಮಾನನ ಗತ್ತು ಇರುತ್ತಿತ್ತು. ನಮ್ಮ ಮನೆಯ ಕುಕ್ಕರ್, ಬಿಲ್ಡಿಂಗಿನ ಲಿಫ್ಟು, ಟ್ಯಾಂಕಿನ ಮುಚ್ಚಳ, ಒಮ್ಮೆ ನನ್ನ ಹೊಸ ಹೆಲ್ಮೆಟ್ಟು, ಅದೂ ನನ್ನ ತಲೆಯ ಮೇಲೇ ಇದ್ದಾಗ, ಎಲ್ಲವೂ ಆ ಉಗುರಿನ ಪರೀಕ್ಷೆಯಲ್ಲಿ ನಪಾಸಾದವು.

ಈ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ನನ್ನದು ಚೆಂಬೂರು ಸ್ಟೇಷನ್ ಹತ್ತಿರ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ಗದಗದ ಕಡೆಯಿಂದ ಬಂದ ನನಗೂ ನನ್ನ ಮನೆಯವರಿಗೂ ಅನ್ನ ಹಾಕಿದ್ದು ಡಬ್ಬಿಯಲ್ಲಿ ಬರುವ ಮಾಲು. ನಾನಿರುವ ಬಿಲ್ಡಿಂಗಿನಲ್ಲಿ, ನನ್ನ ಎದುರು ಮನೆಗೆ, ಡಬ್ಬಿಯ ಮಾಲೆಂದರೆ ಎಂಜಲೆಂಬಂತೆ ನೋಡುವ ಮನುಷ್ಯನೇ ಬಂದು ಕೂರಬೇಕೆ?

ಭಟ್ಟರು ಉಡುಪಿಯ ಕಡೆಯವರು. ದಾದರ್‌ನಲ್ಲಿ ದೋಸೆಗೆ ಹೆಸರಾದ ಹೋಟೆಲು ನಡೆಸಿ, ಮಂಡಿ ಸೋತ ಮೇಲೆ ಅದನ್ನು ಅಣ್ಣನ ಮಗನಿಗೆ ಬಿಟ್ಟುಕೊಟ್ಟು ಮನೆ ಸೇರಿದ್ದರು. ಆ ವಯಸ್ಸಿನವರು ಸಾಮಾನ್ಯವಾಗಿ ಬೆಳಿಗ್ಗೆ ಪಾರ್ಕಿಗೆ ಹೋಗಿ ಚಪ್ಪಾಳೆ ತಟ್ಟಿ ನಗುತ್ತಾರೆ. ಇವರು ಮೊಬೈಲಿನಲ್ಲಿ ಅಮೆರಿಕದವರ ವಿಡಿಯೋ ನೋಡಿ ಹಾಟ್ ರಾಡ್ ಕಟ್ಟಲು ಹೊರಟರು. ಹಾಟ್ ರಾಡ್ ಎಂದರೆ, ಹಳೆಯ ಕಾಲದ ಕಾರೊಂದರ ಮೈ ಕೊಯ್ದು, ಚಾವಣಿ ತಗ್ಗಿಸಿ, ಮಡ್‌ಗಾರ್ಡ್ ಕಿತ್ತೊಗೆದು, ಇಂಜಿನ್ನನ್ನು ಊರಿಗೆಲ್ಲ ಕಾಣುವಂತೆ ಬರಿಮೈಯಲ್ಲಿ ಕೂರಿಸಿದ ಕಾರು. ಕಂಪನಿಯವರು ನೆಟ್ಟಗೆ ಮಾಡಿ ಕಳಿಸಿದ್ದನ್ನು ಕೆಡಿಸಿ ಹೆಮ್ಮೆಪಡುವ ಕೆಲಸ ಎಂದರೂ ತಪ್ಪಲ್ಲ.

ವಡಾಲದ ಯಾವುದೋ ಗೋಡೌನಿನಲ್ಲಿ ಕೊಳೆಯುತ್ತಿದ್ದ ತುಕ್ಕಿನ ಗೂಡೊಂದನ್ನು ಟೆಂಪೋದಲ್ಲಿ ಹೇರಿಸಿ ತಂದು, ಕಾಂಪೌಂಡಿನ ಹಿಂಬದಿ ಪಂಪ್ ರೂಮಿನ ಪಕ್ಕ ಇಳಿಸಿದರು. ಇಂಜಿನ್ನೊಂದನ್ನು ಮಾತ್ರ ಹಳೆಯ ಟ್ಯಾಕ್ಸಿಯಿಂದ ತಂದರು. “ಇಂಜಿನ್ ಒಂದು ಬೇರೆಯವರದ್ದು, ಎಂತ ಮಾಡುದು. ಬಾಕಿ ಎಲ್ಲ ನನ್ನ ಕೈಯದ್ದೇ” ಎಂದರು. ಕೈಯದ್ದೇ ಏನು, ಹೋಟೆಲಿನದ್ದೇ! ಹೋಟೆಲು ಹೊಸದು ಮಾಡಿಸುವಾಗ ಕಿತ್ತುಹಾಕಿದ ಸಾಮಾನೆಲ್ಲ ಇವರ ಬಳಿ ಇತ್ತು. ಡಿಕಾಕ್ಷನ್ ಇಳಿಸುವ ತಾಮ್ರದ ಹಂಡೆ ಪೆಟ್ರೋಲ್ ಟ್ಯಾಂಕಾಯಿತು. ಇಡ್ಲಿ ಬೇಯಿಸುವ ಬಾಯ್ಲರಿನ ಹಬೆ ಪೈಪು ಸೈಲೆನ್ಸರ್ ಆಯಿತು. ಗಲ್ಲಾ ಮೇಜಿನ ಸ್ಟೀಲ್ ಹಾಳೆಯನ್ನು ಬಡಿದು ಬಡಿದು ಬಾಗಿಲು ಮಾಡಿದರು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ತಲೆಯೊಳಗೇ ಸುತ್ತಿಗೆ ಬಿದ್ದಂತಾಗುತ್ತಿತ್ತು.

ಭಟ್ಟರು ನನ್ನ ಅಂಗಡಿಗೆ ಬರುತ್ತಿದ್ದರು. ಕೊಳ್ಳಲು ಅಲ್ಲ, ನೋಡಲು. ಡಬ್ಬಿ ತೆರೆಸಿ, ಮಾಲನ್ನು ಅಂಗೈಯಲ್ಲಿಟ್ಟು ತೂಗಿ, ಗೇಣು ಹಾಕಿ ಅಳೆದು, ಅಳತೆಯನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಹೊರಟುಬಿಡುತ್ತಿದ್ದರು. ಒಂದು ಸಲ ನಟ್ಟೊಂದನ್ನು ಹೀಗೇ ನೋಡಿ ಹೋಗಿ, ವಾರವಿಡೀ ಅರದಿಂದ ಉಜ್ಜಿ ಅಂಥದ್ದೇ ಒಂದನ್ನು ಮಾಡಿ ತಂದು ನನ್ನ ಕೌಂಟರ್ ಮೇಲಿಟ್ಟರು.

“ಹೇಗುಂಟು?”

“ಭಟ್ರ, ಇಂಥಾವು ನನ್ನ ಕಡೆ ಚೀಲಗಟ್ಲೆ ಅದಾವ್ರಿ. ಒಂದು ನಟ್ಟಿಗೆ ಒಂದು ವಾರ ಹಾಳು ಮಾಡಿದ್ರಲ್ಲ” ಎಂದೆ.

“ನಿಮ್ಮದು ಚೀಲದಲ್ಲಿ ಉಂಟು. ನನ್ನದು ಒಂದೇ ಉಂಟು. ನಿಮಗೆ ಅದು ಅರ್ಥ ಆಗುದಿಲ್ಲ ಮಾರಾಯ್ರೆ” ಎಂದು ನಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟೇ ಹೋದರು. ನನ್ನ ಗಿರಾಕಿಗಳ ಎದುರಿಗೇ ಹೀಗೆ! ನನಗೆ ಮೈಯೆಲ್ಲ ಉರಿದುಹೋಯಿತು.

ಅವರ ಹೆಂಡತಿ ಪದ್ಮಕ್ಕ ಒಳ್ಳೆಯ ಹೆಂಗಸು. “ಊರಿಗೆಲ್ಲ ದೋಸೆ ತಿನ್ನಿಸಿದ ಜನ, ಮನೆಯಲ್ಲಿ ಒಂದು ದಿನ ಕಾವಲಿ ಮುಟ್ಟಿದವರಲ್ಲ. ಈಗ ಆ ಗುಜರಿಗೆ ದಿನಕ್ಕೆ ಎರಡು ಸರ್ತಿ ಎಣ್ಣೆಸ್ನಾನ” ಎಂದು ನನ್ನ ಹೆಂಡತಿಯ ಬಳಿ ಹೇಳಿಕೊಳ್ಳುತ್ತಿದ್ದರು.

ಸೊಸೈಟಿಯವರಿಗೂ ಸಾಕಾಯಿತು. ಸೆಕ್ರೆಟರಿ ಜೋಶಿ ಮಿತಭಾಷಿ, ಆದರೆ ಒಮ್ಮೆ ಹೇಳಿದರೆ ಮುಗಿಯಿತು. “ಕಾಕಾ, ಚಾಲಲೀ ತರ್ ಠೇವಾ, ನಾಹೀ ತರ್ ಭಂಗಾರ್” ಎಂದುಬಿಟ್ಟರು. ಓಡಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗುಜರಿಗೆ. ಆಯುಧಪೂಜೆಯ ದಿನ ಕಮಿಟಿಯ ಎದುರು ಕಾರನ್ನು ಪಂಪ್ ರೂಮಿನಿಂದ ಗೇಟಿನವರೆಗೆ ಓಡಿಸಿ ನಿಲ್ಲಿಸಬೇಕು. ಅಷ್ಟಾದರೆ ಕಾರು ಕಾಂಪೌಂಡಿನಲ್ಲೇ ಉಳಿಯುತ್ತದೆ. ಭಟ್ಟರು ಕೂಡಲೇ ಒಪ್ಪಿದರು. ಅಂಥ ಕಾರನ್ನು ಯಾವ ಆರ್‌ಟಿಓ ಕಚೇರಿಯೂ ರಸ್ತೆಗೆ ಬಿಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು. “ನಂಗೆ ರಸ್ತೆ ಎಂತಕ್ಕೆ? ಅದು ಇಲ್ಲಿ ಇದ್ದರೆ ಸಾಕು” ಎಂದರು. ಹಾಗೆನ್ನುವಾಗ ಮಾತ್ರ ಅವರ ದನಿಯಲ್ಲಿ ಗತ್ತು ಇರಲಿಲ್ಲ.

ಬ್ರೇಕಿನ ವಿಷಯದಲ್ಲಿ ನಾನು ಸುಮ್ಮನಿರಲಾರದೆ ಹೋದೆ. ನಮ್ಮ ಕಾಂಪೌಂಡು ಗೇಟಿನ ಕಡೆ ಇಳಿಜಾರು, ಗೇಟಿನಾಚೆ ರಸ್ತೆ. “ಉಳಿದಿದ್ದೆಲ್ಲಾ ನಿಮ್ಮ ಹಂಡೆ, ಪೈಪು ಇರಲಿ. ಬ್ರೇಕ್ ಡ್ರಮ್ಮು ಮಾತ್ರ ನನ್ನ ಅಂಗಡೀದು ಹಾಕ್ಕೋರಿ. ಜೀವದ ಪ್ರಶ್ನೆ ಐತ್ರಿ” ಎಂದೆ. ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. ಡ್ರಮ್ಮುಗಳನ್ನು ಆಗಲೇ ಮಾಡಿಟ್ಟಿದ್ದರಂತೆ! ದೋಸೆ ಹೊಯ್ಯುತ್ತಿದ್ದ ದಪ್ಪ ಕಾವಲಿಯನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು, ಕಾಯಿಸಿ ಬಗ್ಗಿಸಿ, ಬೆಸುಗೆ ಹಾಕಿ, ಉಜ್ಜಿ ಮಾಡಿದ ಡ್ರಮ್ಮುಗಳು. ಬ್ರೇಕ್ ಒತ್ತಿದಾಗ ಒಳಗಿನ ಪಟ್ಟಿ ಈ ಡ್ರಮ್ಮನ್ನು ಕಚ್ಚಿ ಹಿಡಿದರೇ ಚಕ್ರ ನಿಲ್ಲುವುದು.

ಆಯುಧಪೂಜೆ ಬಂತು. ಕಾರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟರು. ಕಮಿಟಿಯವರು ಕುರ್ಚಿ ಹಾಕಿ ಕುಳಿತರು. ಭಟ್ಟರು ಜರಿ ಪಂಚೆ ಉಟ್ಟು ಸ್ಟೀರಿಂಗ್ ಹಿಡಿದರು. ಇಂಜಿನ್ ಶುರುವಾಯಿತು. ಅದು ಶುರುವಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇಡ್ಲಿ ಪೈಪಿನಿಂದ ಬಂದ ಆ ಸದ್ದಿಗೆ ಮೂರನೇ ಮಹಡಿಯ ಕಿಟಕಿಗಳು ನಡುಗಿದವು. ಕಾರು ನಿಂಬೆಹಣ್ಣನ್ನು ಜಜ್ಜಿ ಹೊರಟಿತು. ಅಂದವಾಗಿಯೇ ಹೊರಟಿತು, ಇಲ್ಲವೆನ್ನುವುದಿಲ್ಲ.

ಗೇಟಿನ ಬಳಿ ಭಟ್ಟರು ಬ್ರೇಕ್ ಒತ್ತಿದ್ದು ನನಗೆ ಕಂಡಿತು. ಮತ್ತೆ ಒತ್ತಿದರು. ಆಮೇಲೆ ಸೀಟಿನಿಂದ ಎದ್ದು ನಿಂತೇ ಒತ್ತಿದರು. ಕಾರು ಕಮಿಟಿಗೆ ಮುಖ ಕೂಡ ತೋರಿಸದೆ ಗೇಟು ದಾಟಿ, ರಸ್ತೆ ದಾಟಿ, ದಸರೆಗೆಂದು ರಾಶಿ ಹಾಕಿದ್ದ ಚೆಂಡುಹೂವಿನ ಮೂಟೆಗಳೊಳಗೆ ನುಗ್ಗಿ ನಿಂತಿತು. ಹೂ ಮಾರುವ ಹೆಂಗಸು ಪಕ್ಕಕ್ಕೆ ಹಾರಿ ಬದುಕಿಕೊಂಡಳು. ಆಮೇಲೆ ಅವಳು ಮರಾಠಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಭಟ್ಟರು ತಲೆತುಂಬ ಹಳದಿ ಹೂವು ಹೊತ್ತು ಅಲುಗಾಡದೆ ಕೂತಿದ್ದರು.

ಕಾರನ್ನು ಹೇಗೋ ಒಳಗೆ ನೂಕಿಸಿದ ಮೇಲೆ ನಾನೇ ಚಕ್ರ ಬಿಚ್ಚಿದೆ. ಡ್ರಮ್ಮಿನಿಂದ ಒಗ್ಗರಣೆಯ ವಾಸನೆ ಬಂತು. ಬೆರಳಿಟ್ಟರೆ ಜಾರಿತು.

“ಭಟ್ರ, ಇದಕ್ಕ ಎಣ್ಣಿ ಹಚ್ಚೀರೇನ್ರಿ?”

“ಹಚ್ಚದೆ ಮತ್ತೆ? ಹೊಸತಾಗಿ ಉಜ್ಜಿದ ಕಾವಲಿಯನ್ನು ಯಾರಾದರೂ ಹಾಗೇ ಬೆಂಕಿಗೆ ಇಡ್ತಾರಾ? ಎಣ್ಣೆ ಬಿಟ್ಟು, ಅರ್ಧ ಈರುಳ್ಳಿಯಲ್ಲಿ ತಿಕ್ಕಿ ತಿಕ್ಕಿ ಪಳಗಿಸಿದ್ದೇನೆ. ಇಲ್ಲದಿದ್ರೆ ಹಿಡೀತದಲ್ಲ!”

“ಹಿಡೀಬೇಕ್ರೀ! ಬ್ರೇಕ್ ಅಂದ್ರ ಹಿಡೀಬೇಕು! ದೋಸೆ ಹಾಂಗ ಎದ್ದು ಬರಬಾರದು!”

ನಾನು ನೆಲದ ಮೇಲೆ ಕೂತು ಕಣ್ಣೀರು ಬರುವಂತೆ ನಕ್ಕೆ. ಜೋಶಿಯೂ ನಕ್ಕರು. ಅವರ ನಗು ಮುಗಿದ ಮೇಲೆ ಉಳಿದದ್ದು ಒಂದೇ ಮಾತು, ಭಂಗಾರ್. ಒಬ್ಬ ಹೆಂಗಸಿನ ಪ್ರಾಣ ಹೋಗುವುದರಲ್ಲಿತ್ತು.

ಅದೇ ಸಂಜೆ ನಾನು ಅವರ ಮನೆಗೆ ಹೋದೆ. ನನ್ನ ಅಂಗಡಿಯ ಡ್ರಮ್ಮುಗಳನ್ನು ಹಾಕೋಣ, ಜೋಶಿಯವರ ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೇಳೋಣ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಇಂಜಿನ್ನಿನ ಆ ಸದ್ದು ಇನ್ನೂ ಕಿವಿಯಲ್ಲಿತ್ತೋ ಏನೋ.

“ಬೇಡ ಮಾರಾಯ್ರೆ. ನಿಮ್ಮದು ಹಾಕಿದ್ರೆ ಅದು ಓಡೀತು. ಮತ್ತೆ ನಾನು ದಿನಾ ಅದನ್ನು ನೋಡುವಾಗ ನಿಮ್ಮ ಡ್ರಮ್ಮೇ ಕಾಣುದು” ಎಂದರು.

ಇಂಥ ಮೂರ್ಖ ಹಟವನ್ನು ನಾನು ಎಲ್ಲೂ ಕಂಡಿಲ್ಲ. ಉಳಿಸಿಕೊಳ್ಳುವ ದಾರಿ ಕಣ್ಣೆದುರೇ ಇತ್ತು, ಈ ಮನುಷ್ಯ ಅದಕ್ಕೂ ಮೂಗು ಮುರಿದ. ಅವರ ಬಾಗಿಲು ಎಳೆದು ನನ್ನ ಮನೆಗೆ ಬಂದೆ. ಮುಂದಿನ ಮಳೆಗಾಲಕ್ಕೆ ಭಟ್ಟರು ಜ್ವರದಲ್ಲಿ ಹೋಗಿಬಿಟ್ಟರು. ಪದ್ಮಕ್ಕ ಈಗ ಮಗಳ ಜೊತೆ ಇದ್ದಾರೆ. ಪಂಪ್ ರೂಮಿನ ಪಕ್ಕ ಸ್ಕೂಟರುಗಳು ನಿಲ್ಲುತ್ತವೆ. ಭಾನುವಾರದ ನಿದ್ದೆಗೆ ಈಗ ಯಾವ ಅಡ್ಡಿಯೂ ಇಲ್ಲ, ಆದರೂ ನಿದ್ದೆ ಬರುವುದಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು, ಆಯುಧಪೂಜೆಯ ಮರುವಾರ ಗುಜರಿಯವನ ಟೆಂಪೋ ಬಂದ ದಿನ. ಅದು ಗೇಟಿನಾಚೆ ಹಲಗೆ ಜೋಡಿಸಿಕೊಂಡು ನಿಂತಿತ್ತು. ಕಾರನ್ನು ಇಳಿಜಾರಿನಲ್ಲಿ ಅಲ್ಲಿಯವರೆಗೆ ಸಾಗಿಸಬೇಕು. ಇಂಜಿನ್ ಶುರು ಮಾಡಬಾರದೆಂದು ಜೋಶಿ ಹೇಳಿದ್ದರು. ಭಟ್ಟರು ಕಾರಿನ ಹಿಂಬದಿಗೆ ಹಗ್ಗ ಬಿಗಿದು, ಅಲ್ಲಿದ್ದವರನ್ನೆಲ್ಲ ಬಿಟ್ಟು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟರು.

“ನೀವು ಹಿಂದೆ ನಿಲ್ಲಿ. ಇವತ್ತು ಬ್ರೇಕು ನೀವೇ.”

ಅವರು ಹತ್ತಿ ಕೂತು ಸ್ಟೀರಿಂಗ್ ಹಿಡಿದರು. ವಾಚ್‌ಮನ್ ಒಮ್ಮೆ ನೂಕಿದ. ಕಾರು ಸದ್ದಿಲ್ಲದೆ ಇಳಿಯತೊಡಗಿತು. ನಾನು ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ, ಹಗ್ಗವನ್ನು ಒಂದೊಂದೇ ಗೇಣು ಬಿಡುತ್ತ ಬಂದೆ. ಅಂಗೈ ಸುಲಿದುಹೋಗುತ್ತಿತ್ತು. ಸರಿಯಾಗಿ ಗೇಟಿನ ಗೆರೆಯ ಮೇಲೆ, ಆಯುಧಪೂಜೆಯ ದಿನ ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ, ಕಾರನ್ನು ನಿಲ್ಲಿಸಿದೆ.

ಭಟ್ಟರು ತಿರುಗಿ ನೋಡಲಿಲ್ಲ. “ಒಳ್ಳೆ ಹಿಡೀತದೆ ಮಾರಾಯ್ರೆ” ಎಂದರು.

“ಅಬ್ ಛೋಡೋ, ಸೇಠ್” ಎಂದು ಟೆಂಪೋದವನು, ಇನ್ನು ಬಿಡಿ ಎಂಬಂತೆ ಕೈಬೀಸಿ ಕೂಗಿದ. ಭಟ್ಟರು ಇನ್ನೂ ಸೀಟಿನಿಂದ ಇಳಿದಿರಲಿಲ್ಲ. ನಾನು ಹಗ್ಗ ಬಿಡಲಿಲ್ಲ.